ಜಂಬಗಾತಿ

ಮನೆಯವರೆಲ್ಲ ಅವಳನ್ನು ಇರುವೆ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿಗೆ ಅಮ್ಮ ಇಟ್ಟ ಹೆಸರು ಅದು. ಹುಡುಗಿ ಓದಿ ಡಾಕ್ಟರೇಟು ಪಡೆದಳು, ಸ್ಟ್ರಾಬೆರಿ ಕಂಪನಿಯಲ್ಲಿ ಹೊಸ ತಳಿ ಕಟ್ಟುವ ಕೆಲಸಕ್ಕೆ ಸೇರಿದಳು, ಕಿವಿಯ ಹಿಂದೆ ಬಿಳಿಕೂದಲು ಇಣುಕತೊಡಗಿತು. ಹೆಸರು ಮಾತ್ರ ಅವಳನ್ನು ಬಿಡಲಿಲ್ಲ, ಚಡಪಡಿಕೆ ಕಾಲನ್ನು ಬಿಡಲಿಲ್ಲ. ಆ ಸಂಜೆಯಂತೂ ಅಣ್ಣನ ಮನೆಯ ಅಡುಗೆಮನೆಯಲ್ಲಿ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿ ಓಡಾಡಿ ಅತ್ತಿಗೆಯ ತಲೆ ತಿರುಗಿಸಿಬಿಟ್ಟಿದ್ದಳು.

"ಬಾಡಿಗೆ ಮನೆ ಕಣೇ ಇದು. ನೆಲ ಸವೆದುಹೋದ್ರೆ ಮಾಲೀಕನಿಗೆ ನಿನ್ನ ಕಾಲನ್ನೇ ತೋರಿಸ್ತೀನಿ ನೋಡು," ಎಂದಳು ಅತ್ತಿಗೆ. ಅವಳು ನೆಲದ ಮೇಲೆ ಅಂಗಾತ ಮಲಗಿದ್ದಳು. ಕಂಪನಿಯ ಹೊಲದಲ್ಲಿ ದಿನವಿಡೀ ಹಣ್ಣು ಕಿತ್ತು ಬಂದವಳು ಮೊದಲು ಮಾಡುವ ಕೆಲಸ ಅದೇ: ಸೊಂಟದ ಪಟ್ಟಿ ಬಿಚ್ಚಿ, ತಣ್ಣನೆಯ ನೆಲಕ್ಕೆ ಬೆನ್ನು ಕೊಟ್ಟು, ಮಡಚಿದ ದೇಹವನ್ನು ಇಷ್ಟಿಷ್ಟೇ ನೆಟ್ಟಗೆ ಮಾಡಿಕೊಳ್ಳುವುದು. ಅಷ್ಟು ಹೊತ್ತು ಒಲೆ ಅಣ್ಣನದು.

"ನಾಳೆ ನನ್ನ ಗಿಡದ ಪರೀಕ್ಷೆ ಅತ್ತಿಗೆ."

"ಗೊತ್ತು. ಬೆಳಗ್ಗೆಯಿಂದ ಅದನ್ನೇ ಜಪಿಸ್ತಿದ್ದೀಯ."

"ನೀವೆಲ್ಲ ಎಂದಿನ ಹಾಗೆ ಕಿತ್ತರೆ ಸಾಕು. ಹಣ್ಣು ಸ್ವಲ್ಪ ಮೆತ್ತಗೆ ಅಂತ ಮ್ಯಾನೇಜರು ಆಗಲೇ ಗೊಣಗಿಯಾಗಿದೆ. ಇಳುವರಿ ಹಳೇದಕ್ಕಿಂತ ಒಂದು ಹಿಡಿ ಕಡಿಮೆ. ಅದಕ್ಕಿರೋದು ಒಂದೇ ಗುಣ. ಕೀಳೋದು ಸುಲಭ. ನಾಳೆ ಗಡಿಯಾರ ಅದನ್ನ ಒಪ್ಪಿದ್ರೆ ಗಿಡ ಉಳಿಯುತ್ತೆ. ಇಲ್ಲಾಂದ್ರೆ ಮಡಿ ಉಳೋದೇ, ತಿಪ್ಪೆಗೆ ಹಾಕೋದೇ."

ಅತ್ತಿಗೆ ಸೂರು ನೋಡುತ್ತಿದ್ದಳು. "ಅಲ್ಲ, ನಿನ್ನ ಜಂಬಗಾತಿ ಪಾಸಾದ್ಲು ಅಂತಿಟ್ಕೋ. ಆಮೇಲೆ ನಮ್ಮ ಕೂಲಿ, ಆ ಕ್ರೇಟಿನ ದರ, ಏನು ಮಾಡ್ತಾರಂತೆ?"

"ದರಕ್ಕೂ ಗಿಡಕ್ಕೂ ಏನು ಸಂಬಂಧ? ಅದು ಆಫೀಸಿನವರ ಕೆಲಸ."

ಒಲೆಯ ಮುಂದಿದ್ದ ಅಣ್ಣ ಸೌಟು ತಿರುವುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಅತ್ತಿಗೆ ಮೇಜಿನ ಕಾಲು ಹಿಡಿದು, ಮಂಡಿಯ ಮೇಲೆ ಬಂದು, ಉಸಿರು ಕಟ್ಟಿ ಎದ್ದು ನಿಂತಳು. "ತಟ್ಟೆ ಹಾಕು, ಊಟ ಮಾಡೋಣ," ಎಂದಳು. ಇರುವೆ ತಟ್ಟೆ ಹಾಕಿದಳು. ಉಂಡದ್ದೇನು ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ.

ಜಂಬಗಾತಿ ಎಂಬುದು ಕಂಪನಿ ಇಟ್ಟ ಹೆಸರಲ್ಲ. ಕಂಪನಿಯ ಲೆಕ್ಕದಲ್ಲಿ ಆ ಗಿಡಕ್ಕೆ ಒಂದು ನಂಬರು, ಅಷ್ಟೇ. ಹೆಸರಿಟ್ಟವರು ಕೀಳುವ ಹೆಂಗಸರು. ಉಳಿದ ಸ್ಟ್ರಾಬೆರಿಗಳೆಲ್ಲ ಎಲೆಯಡಿ ಮುಖ ಮುಚ್ಚಿಕೊಂಡು ನೆಲಕ್ಕೆ ಬಿದ್ದಿರುತ್ತವೆ. ಒಂದು ಕೈಯಲ್ಲಿ ಎಲೆ ಬಗೆಯಬೇಕು, ಇನ್ನೊಂದರಲ್ಲಿ ತೊಟ್ಟು ಚಿವುಟಬೇಕು, ಬೆನ್ನು ಎರಡಾಗಿ ಮಡಚಬೇಕು, ತಲೆ ಮಂಡಿಗಿಂತ ಕೆಳಗೆ ಹೋಗಬೇಕು. ಈ ಗಿಡ ಮಾತ್ರ ತನ್ನ ಹಣ್ಣಿನ ಗೊಂಚಲುಗಳನ್ನು ಉದ್ದನೆಯ, ಬಿರುಸಾದ ದಂಟಿನ ಮೇಲೆ ಎಲೆಯಿಂದಾಚೆ ಎತ್ತಿ ಹಿಡಿದು ನಿಲ್ಲುತ್ತಿತ್ತು. ಅರ್ಧ ಬಗ್ಗಿದರೆ ಸಾಕು, ಎರಡೂ ಕೈ ಹಣ್ಣಿಗೇ. ತೊಟ್ಟಿಗೆ ಉಗುರು ತಾಗಿಸಿ ತಿರುವಿದರೆ ಟಿಕ್ ಎಂದು ಬಿಟ್ಟುಕೊಡುತ್ತಿತ್ತು. "ನೋಡ್ರೇ, ಇವಳ ಕತ್ತು! ನಾವು ಇವಳ ಮುಂದೆ ಬಗ್ಗಬೇಕಿಲ್ಲ, ಇವಳೇ ಮೇಲೆದ್ದು ನಮ್ಮನ್ನ ಮಾತಾಡಿಸ್ತಾಳೆ. ಎಂಥ ಜಂಬ!" ಎಂದು ಟೋಪಿ ಅಜ್ಜಿ ಕಳೆದ ವರ್ಷ ಮೊದಲ ಬಾರಿ ನೋಡಿದಾಗ ನಕ್ಕಿದ್ದಳು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ಬಿಸಿಲಿರಲಿ ಮೋಡವಿರಲಿ, ತಲೆಯ ಮೇಲಿನ ಹುಲ್ಲಿನ ಟೋಪಿ ತೆಗೆದವಳಲ್ಲ.

ಆ ಉದ್ದ ಕತ್ತು ಆಕಾಶದಿಂದ ಉದುರಿದ್ದಲ್ಲ. ಕಡಲೆಯಷ್ಟೇ ಗಾತ್ರದ ಹುಳಿ ಹಣ್ಣು ಬಿಡುವ ಒಂದು ಕಾಡುಗಿಡದಲ್ಲಿ ಇರುವೆ ಅದನ್ನು ಮೊದಲು ಕಂಡಿದ್ದಳು. ಅದನ್ನು ದೊಡ್ಡ ಹಣ್ಣಿನ ಗಿಡದೊಂದಿಗೆ ಕೂಡಿಸಿದಾಗ ಹುಟ್ಟಿದ ಸಸಿಗಳಲ್ಲಿ ಹಣ್ಣು ದೊಡ್ಡದಾದರೆ ಕತ್ತು ಮಾಯ, ಕತ್ತು ಉಳಿದರೆ ಹಣ್ಣು ಹುಳಿ. ಉಳಿದ ಸಸಿಗಳಲ್ಲಿ ಒಂದನ್ನು ಮತ್ತೆ ಕೂಡಿಸುವುದು, ಮತ್ತೆ ಬಿತ್ತುವುದು, ಮತ್ತೆ ಕಿತ್ತೆಸೆಯುವುದು. ತಳಿ ಕಟ್ಟುವವರು ಹುಟ್ಟಿಸುವುದಕ್ಕಿಂತ ಕೊಲ್ಲುವುದೇ ಹೆಚ್ಚು. ಸಾವಿರಕ್ಕೊಂದು ಬದುಕಿದರೆ ಅದು ಒಳ್ಳೆಯ ವರ್ಷ. ಜಗತ್ತಿನಲ್ಲಿ ಅವಳ ಕೈ ನಿಧಾನವಾಗುತ್ತಿದ್ದುದು ಒಂದೇ ಕೆಲಸದಲ್ಲಿ. ಸಸಿಗಳಿಗೆಂದು ಬಲೆ ಹೊದಿಸಿ ಕಟ್ಟಿದ ಬಲೆಮನೆಯ ಮೂಲೆಯಲ್ಲಿ ಸ್ಟೂಲಿನ ತುದಿಗೆ ಕೂತು, ಅರಳದ ಮೊಗ್ಗನ್ನು ಚಿಮಟದಲ್ಲಿ ಬಿಡಿಸಿ, ಅದರ ಗಂಡು ಕೇಸರಗಳನ್ನು ಒಂದೊಂದಾಗಿ ಕಿತ್ತು, ಬೇರೆ ಹೂವಿನ ಪರಾಗವನ್ನು ಕುಂಚದ ತುದಿಯಲ್ಲಿ ಸವರುವಾಗ ಅವಳ ಕಾಲು ಕೂಡ ಅಲುಗಾಡುತ್ತಿರಲಿಲ್ಲ. ಬೇರೆ ಪರಾಗ ತಾಗದಂತೆ ಮೊಗ್ಗಿಗೆ ಚೀಲ ಕಟ್ಟಿದ ಕ್ಷಣವೇ ಇರುವೆ ಮತ್ತೆ ಇರುವೆಯಾಗುತ್ತಿದ್ದಳು.

ಕಾಲೇಜಿನ ರಜೆಯಲ್ಲಿ ಅವಳೂ ಅತ್ತಿಗೆಯ ಗುಂಪಿನೊಂದಿಗೆ ಕೀಳುತ್ತಿದ್ದಳು. ಆ ಹೊಲದಲ್ಲಿ ಅವಳಷ್ಟು ಬೇಗ ಕ್ರೇಟು ತುಂಬಿದವರಿರಲಿಲ್ಲ. ಒಂದು ಮಧ್ಯಾಹ್ನ ಪಕ್ಕದ ಸಾಲಿನಲ್ಲಿ ಅತ್ತಿಗೆ ಬಗ್ಗಿದವಳು ಬಗ್ಗಿದ ಹಾಗೆಯೇ ಉಳಿದಳು. ಬೆನ್ನು ಏಳಲಿಲ್ಲ. ಇಬ್ಬರು ಎತ್ತಿ ನೆರಳಿಗೆ ಒಯ್ದರು, ಮಡಚಿದ ಕುರ್ಚಿಯನ್ನು ಒಯ್ಯುವ ಹಾಗೆ. ಆ ದಿನ ಇರುವೆ ಒಂದು ಗಿಡವನ್ನು ಮನಸ್ಸಿನಲ್ಲಿ ಕಂಡಿದ್ದಳು. ಅಂದು ಕಂಡದ್ದೇ ಇಂದು ಮಡಿಯಲ್ಲಿ ನಿಂತಿತ್ತು.

ಬೆಳಗಾಯಿತು. ಕಂಪನಿಯ ಹೊಲದಲ್ಲಿ ಎತ್ತರಿಸಿದ ಮಡಿಗಳ ಮೇಲೆ ಹೊದಿಸಿದ ಕರಿ ಪ್ಲಾಸ್ಟಿಕ್ ಹಾಳೆ ಇಬ್ಬನಿಯಲ್ಲಿ ಹೊಳೆಯುತ್ತಿತ್ತು. ಒಂದು ಮಡಿಯಲ್ಲಿ ಹಳೆಯ ತಳಿ, ಪಕ್ಕದ ಮಡಿಯಲ್ಲಿ ಜಂಬಗಾತಿ. ತಕ್ಕಡಿ ಇಟ್ಟಾಗಿತ್ತು. ಕೊರಳಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡ ಚಿಗುರುಮೀಸೆಯ ಗುಮಾಸ್ತನೊಬ್ಬ ಬಂದಿದ್ದ. ಹೆಂಗಸರು ಅವನನ್ನು ಗಡಿಯಾರದಣ್ಣ ಎನ್ನುತ್ತಿದ್ದರು. ಇಸ್ತ್ರಿ ಮುರಿಯದ ಅಂಗಿಯ ಮ್ಯಾನೇಜರು ಮಡಿಯ ತಲೆಯಲ್ಲಿ ಕೊಡೆ ಹಿಡಿದು ನಿಂತಿದ್ದರು.

"ಶುರು," ಎಂದ ಗಡಿಯಾರದಣ್ಣ.

ಮೊದಲು ಹಳೆಯ ತಳಿ. ಹೆಂಗಸರು ಬಗ್ಗಿದರು. ಇರುವೆಗೆ ಗೊತ್ತಿದ್ದ ವೇಗ, ಗೊತ್ತಿದ್ದ ಸದ್ದು: ಎಲೆಯ ಸರಸರ, ತೊಟ್ಟಿನ ಟಿಕ್‌ಟಿಕ್, ಕ್ರೇಟು ಜರುಗಿಸುವ ಗರಗರ. ಅವಳ ಕಾಲು ಆ ತಾಳಕ್ಕೇ ಕುಣಿಯಿತು. ಕ್ರೇಟುಗಳು ತಕ್ಕಡಿಗೆ ಹೋದವು. ನಂತರ ಜಂಬಗಾತಿಯ ಸರದಿ.

ಅತ್ತಿಗೆ ಮೊದಲ ಗಿಡದ ಮುಂದೆ ನಿಂತಳು. ಹಣ್ಣೊಂದನ್ನು ಹಿಡಿದು ಅದರ ಮುಂದೆ ನೋಡಿದಳು, ಹಿಂದೆ ನೋಡಿದಳು, ಮದುವೆಗೆ ಹುಡುಗನನ್ನು ನೋಡುವ ಹಾಗೆ. ಆಮೇಲೆ ಕಿತ್ತಳು. ಕ್ರೇಟಿನಲ್ಲಿಟ್ಟಳು. ಇಟ್ಟದ್ದನ್ನು ಸರಿಪಡಿಸಿದಳು. ಪಕ್ಕದವಳು ಕ್ರೇಟನ್ನು ದೂರದಲ್ಲೇ ಬಿಟ್ಟು ಪ್ರತಿ ಹಣ್ಣಿಗೂ ಅಲ್ಲಿಗೆ ನಡೆದು ಬರುತ್ತಿದ್ದಳು. ಇನ್ನೊಬ್ಬಳು ಎಲೆಯೇ ಇಲ್ಲದ ಕಡೆ ಎಲೆ ಬಗೆಯುತ್ತಿದ್ದಳು. ಟೋಪಿ ಅಜ್ಜಿಯ ಟೋಪಿ ಗಾಳಿಯಿಲ್ಲದೆಯೂ ಹಾರಿಬಿತ್ತು. ಅದನ್ನೆತ್ತಿ, ಕೊಡವಿ, ಧೂಳಿದೆಯೇ ಎಂದು ನೋಡಿ, ಮತ್ತೆ ಕೊಡವಿ ತಲೆಗಿಟ್ಟಳು.

ಇರುವೆಗೆ ಮೊದಲು ಅರ್ಥವಾಗಲಿಲ್ಲ. ಹೊಸ ಗಿಡ, ಕೈ ಹೊಂದಿಲ್ಲ ಎಂದುಕೊಂಡಳು. ಮಡಿಯುದ್ದಕ್ಕೂ ಅವರೊಂದಿಗೆ ನಡೆದಳು, ಹಿಂದಕ್ಕೆ ಬಂದಳು, ಮತ್ತೆ ನಡೆದಳು. ಮೂರನೆಯ ಸಲ ಅತ್ತಿಗೆಯ ಹತ್ತಿರ ಬಂದಾಗ ಅತ್ತಿಗೆ ತಲೆ ಎತ್ತಲಿಲ್ಲ. ತಲೆ ಎತ್ತದ ಆ ರೀತಿಯೇ ಎಲ್ಲ ಹೇಳಿಬಿಟ್ಟಿತು. ಇವರು ಬೇಕೆಂದೇ ಮಾಡುತ್ತಿದ್ದಾರೆ! ಯಾರ ಬೆನ್ನಿಗಾಗಿ ತಾನು ಯೌವನವನ್ನು ಬಲೆಮನೆಯಲ್ಲಿ ಕಳೆದಳೋ ಅವರೇ ತನ್ನ ಗಿಡದ ಕತ್ತು ಹಿಚುಕುತ್ತಿದ್ದಾರೆ, ಹಣ್ಣು ಹಣ್ಣಾಗಿ, ನಗುನಗುತ್ತ.

"ವ್ಯತ್ಯಾಸವೇ ಇಲ್ಲ ಸರ್. ಹೊಸದೇ ಒಂಚೂರು ನಿಧಾನ," ಎಂದ ಗಡಿಯಾರದಣ್ಣ.

"ಚಹಾ ಕುಡೀಲಿ. ಆಮೇಲೆ ಇನ್ನೊಂದು ಸುತ್ತು," ಎಂದರು ಮ್ಯಾನೇಜರು. ಅವರ ಕಣ್ಣು ಹೆಂಗಸರ ಮೇಲೆಯೇ ಇತ್ತು.

ಖಾಲಿ ಕ್ರೇಟುಗಳನ್ನು ಒಟ್ಟುವ ತಗಡಿನ ಶೆಡ್ಡಿನ ಹಿಂದೆ ಅತ್ತಿಗೆ ಚಹಾ ಲೋಟ ಹಿಡಿದು ನಿಂತಿದ್ದಳು. ಇರುವೆ ಬಿರುಗಾಳಿಯಂತೆ ಬಂದಳು.

"ಏನು ಮಾಡ್ತಿದ್ದೀರಿ ಅತ್ತಿಗೆ? ನನ್ನ ಕಣ್ಣೆದುರಿಗೇ? ನಾನೇನು ಕುರುಡಿಯಾ?"

"ಮೆಲ್ಲಗೆ ಮಾತಾಡು. ತಗಡಿಗೂ ಕಿವಿ ಇದೆ."

"ಇರಲಿ! ನಿಮಗೋಸ್ಕರ ಮಾಡಿದ ಗಿಡ ಅದು. ನಿಮ್ಮ ಬೆನ್ನಿಗೋಸ್ಕರ! ನಾಳೆ ಬೆಳಗ್ಗೆ ಅದನ್ನ ಉತ್ತು ಹಾಕ್ತಾರೆ. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ."

ಅತ್ತಿಗೆ ಲೋಟವನ್ನು ಕ್ರೇಟಿನ ಮೇಲಿಟ್ಟಳು. "ಉಂಡ ಮನೆಯಾ? ಯಾರ ಮನೆಯಲ್ಲಿ ಯಾರು ಉಂಡದ್ದು ಅಂತ ಸಂಜೆ ನಿನ್ನ ಅಣ್ಣನ ಎದುರಿಗೆ ಮಾತಾಡೋಣ. ಈಗ ಕೇಳು. ನಿನ್ನ ಕೆಲಸದಲ್ಲಿ ಮೊದಲಿದ್ದ ಡಾಕ್ಟರು ಗಟ್ಟಿಹಣ್ಣಿನ ತಳಿ ತಂದ್ರಲ್ಲ, ನೆನಪಿದೆಯಾ?"

"ನಾನಾಗ ಓದ್ತಿದ್ದೆ."

"ನೀನು ಓದ್ತಿದ್ದೆ, ನಾವು ಕೀಳ್ತಿದ್ವಿ. ಕೈಗೆ ಮೆತ್ತಲ್ಲ, ಹೆಂಗೆ ಬೇಕಾದ್ರೂ ಕೀಳಿ, ಬೇಗ ಕೀಳಿ ಅಂದ್ರು. ಹೀಗೇ ಗಡಿಯಾರ ಹಿಡಿದು ನಿಂತ್ರು. ನಾವು ಮಂಗಗಳು, ಶಭಾಷ್ ಅನ್ನಿಸ್ಕೊಳ್ಳೋ ಆಸೆಗೆ ಪ್ರಾಣ ಬಿಟ್ಟು ಕಿತ್ವಿ. ಒಂದು ವಾರ ಕೈತುಂಬ ಕೂಲಿ, ಮೂಗಿಗೆ ತುಪ್ಪ ಸವರಿದ ಹಾಗೆ. ಮುಂದಿನ ವಾರ ಕ್ರೇಟಿನ ದರ ಇಳೀತು. ಅದೇ ಕೂಲಿ ಬೇಕಾದ್ರೆ ಇನ್ನಷ್ಟು ಕ್ರೇಟು ತುಂಬಬೇಕು. ಅದಕ್ಕಿಂತ ಮೊದಲು ನನ್ನ ಬೆನ್ನು ಸಂಜೆಗೆ ನೋಯ್ತಿತ್ತು. ಆಮೇಲೆ ಮಧ್ಯಾಹ್ನಕ್ಕೇ ಶುರು. ನಾನು ಬಗ್ಗಿದವಳು ಏಳಲಿಲ್ವಲ್ಲ, ಯಾವ ಹಣ್ಣಿನ ಸಾಲಲ್ಲಿ ಅಂದ್ಕೊಂಡಿದ್ದೀಯ?"

ಸುಲಭವಾಗಿ ಕೀಳುವ ಹಣ್ಣೇ ಅತ್ತಿಗೆಯ ಬೆನ್ನು ಮುರಿದಿತ್ತು. ಆ ಬೆನ್ನಿಗೆ ಇರುವೆ ಹುಡುಕಿದ ಮದ್ದು, ಇನ್ನೂ ಸುಲಭವಾಗಿ ಕೀಳುವ ಹಣ್ಣು.

"ನನಗೆ ಯಾಕೆ ಹೇಳಲಿಲ್ಲ?"

"ನಿನ್ನೆ ಕೇಳಿದೆನಲ್ಲ, ದರ ಏನು ಮಾಡ್ತಾರೆ ಅಂತ. ಆಫೀಸಿನವರ ಕೆಲಸ ಅಂದೆ." ಅತ್ತಿಗೆ ಲೋಟವನ್ನು ಮತ್ತೆ ಕೈಗೆತ್ತಿಕೊಂಡಳು. "ಆಮೇಲೂ ಹೇಳಬಹುದಿತ್ತು. ಆದ್ರೆ ನಿನ್ನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಾ? ನಿನ್ನ ಮುಖ ಕನ್ನಡಿ. ಮ್ಯಾನೇಜರು ಅಲ್ಲೇ ನಿಂತು ತಲೆ ಬಾಚ್ಕೊಳ್ತಿದ್ದ."

"ದರ ಇಳಿಸ್ತಾರೆ ಅಂತ ಏನು ಗ್ಯಾರಂಟಿ? ಆ ಕಾಲ ಬೇರೆ, ಈ ಕಾಲ ಬೇರೆ."

"ಹೋಗಿ ಕೇಳು. ಡಾಕ್ಟರಮ್ಮ ಅಲ್ವಾ, ನಿನಗೆ ಕುರ್ಚಿ ಹಾಕಿ ಹೇಳ್ತಾರೆ."

ಅವಳು ಕೇಳಿದಳು. ಮಡಿಗಳ ನಡುವೆ ಅರ್ಧ ಓಡುತ್ತ, ಅರ್ಧ ನಡೆಯುತ್ತ ಕೊಡೆಯ ಹತ್ತಿರ ಬಂದು, ಏದುಸಿರಿನಲ್ಲೇ ಕೇಳಿದಳು. "ಸರ್, ಈ ತಳಿ ಬಂದ ಮೇಲೆ ಕೀಳುವವರ ಕ್ರೇಟಿನ ದರ ಹಾಗೇ ಇರುತ್ತಲ್ಲ?"

ಮ್ಯಾನೇಜರು ನಕ್ಕರು. ಕೆಟ್ಟ ನಗೆಯಲ್ಲ ಅದು. ಮಗು ಚಂದ್ರ ಬೇಕೆಂದಾಗ ದೊಡ್ಡವರು ನಗುವ ನಗೆ. "ಬೇಗ ಕೀಳೋ ಹಣ್ಣಿಗೆ ನಿಧಾನದ ದರ ಯಾರು ಕೊಡ್ತಾರೆ ಮೇಡಂ? ಬೆಳೆಗಾರರು ನಿಮ್ಮ ಗಿಡವನ್ನ ಯಾಕೆ ಕೊಳ್ಳಬೇಕು ಹೇಳಿ. ಹಣ್ಣು ಮೆತ್ತಗೆ, ಇಳುವರಿ ಕಡಿಮೆ. ಕೂಲಿ ಉಳಿಯೋದಾದ್ರೆ ಮಾತ್ರ ಕೊಳ್ತಾರೆ. ನಿಮ್ಮ ಗಿಡದ ಗುಣವೇ ಅದು ಅಲ್ವಾ?"

ಅವಳು ಗಿಡದ ಕಡೆ ನೋಡಿದಳು. ಜಂಬಗಾತಿ ಕತ್ತೆತ್ತಿ ನಿಂತಿದ್ದಳು, ಯಾವುದೂ ತನಗೆ ಸಂಬಂಧಿಸಿದ್ದಲ್ಲ ಎನ್ನುವ ಹಾಗೆ. ಬಣ್ಣ ನೋಡಿದ್ದಳು, ರುಚಿ ನೋಡಿದ್ದಳು, ರೋಗ ನೋಡಿದ್ದಳು, ದಂಟಿನ ಉದ್ದವನ್ನು ಅಳೆದು ಅಳೆದು ನೋಡಿದ್ದಳು. ಆ ದಂಟಿನ ಇನ್ನೊಂದು ತುದಿ ಯಾರ ಮುಷ್ಟಿಯಲ್ಲಿದೆ ಎಂದು ಮಾತ್ರ ನೋಡಿರಲಿಲ್ಲ. ಬಗ್ಗುವ ಬೆನ್ನು ಕಂಡಿತ್ತು. ಆ ಬೆನ್ನನ್ನು ಬಗ್ಗಿಸುವ ಕೈ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿತ್ತು, ಅದು ಕಂಡಿರಲಿಲ್ಲ.

"ಒಂದು ಮಾತು ಮೇಡಂ," ಮ್ಯಾನೇಜರು ದನಿ ತಗ್ಗಿಸಿದರು. "ಈ ಹೆಂಗಸರು ಬೇಕಂತ ನಿಧಾನ ಮಾಡ್ತಿದ್ದಾರೆ ಅಂತ ನನಗೆ ಗುಮಾನಿ. ನಿಮಗೇನನ್ನಿಸುತ್ತೆ?"

"ನನಗೆ... ಹೊಸ ಗಿಡ ಸರ್. ಕೈ ಹೊಂದಿಲ್ಲವೇನೋ."

"ಕಾಲೇಜಿನ ದಿನಗಳಲ್ಲಿ ನೀವೂ ಇದೇ ಹೊಲದಲ್ಲಿ ಕಿತ್ತವರಂತೆ. ಗಾಳಿ ಹಾಗೆ ಕೀಳ್ತಿದ್ರಂತೆ. ಎರಡನೇ ಸುತ್ತಲ್ಲಿ ನೀವೇ ಇಳೀರಿ. ಹಳೇದೊಂದು ತುಂಡು ಮಡಿ, ಹೊಸದೊಂದು ತುಂಡು ಮಡಿ. ನಿಮ್ಮ ಗಿಡ, ನಿಮಗಿಂತ ಚೆನ್ನಾಗಿ ಯಾರು ಕೀಳ್ತಾರೆ? ಗಿಡ ಗೆದ್ದರೆ ಇವರ ಕಳ್ಳಾಟ ತಾನಾಗಿ ಬಯಲಾಗುತ್ತೆ. ಆಮೇಲೆ ಈ ಗುಂಪನ್ನೇ ಬದಲಾಯಿಸೋಣ ಬಿಡಿ."

ಹೇಗಿದೆ ನೋಡಿ ನ್ಯಾಯ! ಕತ್ತಿಯನ್ನು ಕೈಗೆ ಕೊಟ್ಟು, ಮಗುವನ್ನೋ ಅತ್ತಿಗೆಯನ್ನೋ, ಒಂದನ್ನು ಆರಿಸಿಕೊಳ್ಳಿ ಮೇಡಂ ಎಂದು ಎಷ್ಟು ವಿನಯದಿಂದ ಹೇಳುತ್ತಾರೆ ಇವರು. ಧಣಿಗಳು ಬಾರುಕೋಲು ಬೀಸುತ್ತಿದ್ದ ಕಾಲ ಹೋಯಿತು ಎನ್ನುವವರು ಒಮ್ಮೆ ಸ್ಟಾಪ್‌ವಾಚಿನ ದಾರವನ್ನು ಮುಟ್ಟಿ ನೋಡಲಿ.

ಚಹಾ ಮುಗಿಸಿ ಬಂದ ಹೆಂಗಸರು ಮಡಿಯ ಅಂಚಿನಲ್ಲಿ ಸಾಲಾಗಿ ನಿಂತರು. ಇರುವೆ ಚಪ್ಪಲಿ ಬಿಟ್ಟು, ತೋಳು ಮಡಚಿ ಇಳಿಯುವುದನ್ನು ಕಂಡು ಟೋಪಿ ಅಜ್ಜಿಯ ಮುಖ ಬಿಳಿಚಿತು. ಅತ್ತಿಗೆ ಮಾತ್ರ ಕೈ ಕಟ್ಟಿ ನಿಂತಿದ್ದಳು. ಅವಳಿಗೆ ಆ ಕೈಗಳು ಗೊತ್ತಿದ್ದವು. ಹಾಲು ಉಕ್ಕುವ ಮೊದಲೇ ಪಾತ್ರೆ ಇಳಿಸುವ ಕೈ, ಕೂತಲ್ಲೇ ಕಂಬಳಿಯ ನೂಲು ಕೀಳುವ ಕೈ. ನಿಧಾನ ಎಂಬುದನ್ನು ಆ ಕೈಗಳು ಕಲಿತೇ ಇಲ್ಲ.

"ಶುರು."

ಹಳೆಯ ಮಡಿಯಲ್ಲಿ ಬಗ್ಗಿದ ಕೂಡಲೇ ಅವಳ ಬೆರಳುಗಳು ತಾವೇ ಎಚ್ಚೆತ್ತವು. ಎಡಗೈ ಎಲೆ ಬಗೆಯಿತು, ಬಲಗೈ ಚಿವುಟಿತು, ಎರಡು, ಮೂರು, ನಾಲ್ಕು ಹಣ್ಣು ಮುಷ್ಟಿಯಲ್ಲಿ. ಇಲ್ಲಿ ವೇಗ ತೋರಿಸಿದರೂ ತಪ್ಪೇ ಎಂದು ಆಗ ಹೊಳೆಯಿತು. ಡಾಕ್ಟರಮ್ಮ ಇಷ್ಟು ಬೇಗ ಕೀಳುತ್ತಾರಲ್ಲ, ನಿಮಗೇನು ದಾಡಿ ಎಂದು ನಾಳೆ ಈ ಗಡಿಯಾರ ಅತ್ತಿಗೆಯ ಬೆನ್ನು ಹತ್ತುತ್ತದೆ. ಅವಳು ಬೆನ್ನು ನೆಟ್ಟಗೆ ಮಾಡಿ ಸೊಂಟಕ್ಕೆ ಕೈಕೊಟ್ಟು ನರಳಿದಳು. "ಅಭ್ಯಾಸ ತಪ್ಪಿದೆ ಸರ್!" ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ನರಳಿದ್ದು ನಾಟಕ, ಆದರೆ ನಾಲ್ಕು ಗಿಡ ದಾಟುವಷ್ಟರಲ್ಲಿ ನಾಟಕ ಬೇಕಾಗಲಿಲ್ಲ, ಬೆನ್ನು ತಾನೇ ನರಳತೊಡಗಿತು.

ಆಮೇಲೆ ಜಂಬಗಾತಿ.

ಹಣ್ಣುಗಳು ಎದುರಿಗೇ ತೂಗುತ್ತಿದ್ದವು. ಬಾ, ಬಾ ಎನ್ನುತ್ತಿದ್ದವು. ಈ ಕ್ಷಣಕ್ಕೆಂದೇ ತಾನೇ ಅವುಗಳನ್ನು ಹಾಗೆ ನಿಲ್ಲಿಸಿದ್ದು! ಎರಡೂ ಕೈ ಹಾಕಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಗೊಂಚಲು ಬರಿದು. ಬೆರಳ ತುದಿಯಲ್ಲಿ ಇರುವೆಗಳು ಹರಿದಾಡಿದಂತಾಯಿತು. ಮೊದಲ ಹಣ್ಣು ಟಿಕ್ ಎಂದು ಬಂತು, ಎರಡನೆಯದು ಅದರ ಹಿಂದೆಯೇ. ಮ್ಯಾನೇಜರು ಕೊಡೆ ಮಡಚಿ ಮುಂದಕ್ಕೆ ಬಾಗಿದ್ದು ಅವಳಿಗೆ ಓರೆಗಣ್ಣಿನಲ್ಲಿ ಕಂಡಿತು. ಮೂರನೆಯ ಹಣ್ಣಿಗೆ ಕೈ ಚಾಚಿದವಳು ಅದನ್ನು ಹಣ್ಣೆಂದುಕೊಳ್ಳಲಿಲ್ಲ. ಮೊಗ್ಗು ಎಂದುಕೊಂಡಳು.

ಉಸಿರು ತಾನಾಗಿ ತಗ್ಗಿತು. ಬಲೆಮನೆಯ ಮೂಲೆ, ಸ್ಟೂಲಿನ ತುದಿ, ಚಿಮಟ. ಒಂದು ಮೊಗ್ಗನ್ನು ಬಿಡಿಸುವಷ್ಟು ಹೊತ್ತು ಒಂದು ಹಣ್ಣಿಗೆ. ಎರಡು ಬೆರಳಲ್ಲಿ ದಂಟು ಹಿಡಿದಳು, ಅದರ ಬಿರುಸನ್ನು ತಿಳಿದುಕೊಂಡಳು, ಉಗುರು ತಾಗಿಸಿದಳು, ತಿರುವಿದಳು, ಇಟ್ಟಳು. ಮುಂದಿನದು. ಕಾಲು ಅಲುಗಾಡಲಿಲ್ಲ. ಇದನ್ನು ಹುಟ್ಟಿಸುವಾಗ ಎಷ್ಟು ನಿಧಾನವಾಗಿದ್ದಳೋ ಅಷ್ಟೇ ನಿಧಾನವಾಗಿ ಅದನ್ನು ಸಾಯಲು ಬಿಟ್ಟಳು. ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ನಿಂತಳು, ಅದಕ್ಕೂ ಸ್ವಲ್ಪ ಹೊತ್ತು ಸಂದಿತು. ಅಂಚಿನಲ್ಲಿ ನಿಂತ ಯಾರೂ ಈಗ ನಗುತ್ತಿರಲಿಲ್ಲ. ಟೋಪಿ ಅಜ್ಜಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದಳು.

ಗಡಿಯಾರದಣ್ಣ ತೂಕ ನೋಡಿದ, ಗಡಿಯಾರ ನೋಡಿದ, ಮ್ಯಾನೇಜರ ಮುಖ ನೋಡಿದ. "ಏನೂ ಫರಕಿಲ್ಲ ಸರ್."

ಮ್ಯಾನೇಜರು ಬಹಳ ಹೊತ್ತು ಅವಳನ್ನೇ ದಿಟ್ಟಿಸಿದರು. ಗುಮಾನಿ ಪಡಲು ಅವರಿಗೆ ಕಾರಣವೇ ಸಿಗಲಿಲ್ಲ. ತನ್ನ ಗಿಡವನ್ನು ತಾನೇ ಸೋಲಿಸುವವರು ಅವರ ಲೆಕ್ಕದ ಜಗತ್ತಿನಲ್ಲಿ ಇರಲಿಲ್ಲ. "ಪಾಪ, ಇಷ್ಟು ವರ್ಷದ ಶ್ರಮ," ಎಂದರು. "ಮಡಿ ಕಿತ್ತುಹಾಕಿಸಿ. ಬಲೆಮನೆಯ ತಾಯಿಗಿಡ ಕೂಡ. ಜಾಗ ಬೇಕು. ಮುಂದಿನ ವರ್ಷದಿಂದ ಬರೀ ಗಟ್ಟಿಹಣ್ಣು ನೋಡೋಣ ಮೇಡಂ, ವಾರಗಟ್ಟಲೆ ಪ್ರಯಾಣ ಮಾಡಿದ್ರೂ ಕೆಡದಂಥದ್ದು."

ಮಧ್ಯಾಹ್ನ ಅದೇ ಹೆಂಗಸರು ಕರಿ ಹಾಳೆ ಎಳೆದು ಗಿಡಗಳನ್ನು ಕಿತ್ತರು. ಆ ಕೆಲಸಕ್ಕೆ ಗಡಿಯಾರ ಇರಲಿಲ್ಲ, ಆದರೂ ಬೇಗ ಮುಗಿಯಿತು. ಇರುವೆ ಬಲೆಮನೆಗೆ ಹೋದಳು. ಕುಂಡದಲ್ಲಿ ತಾಯಿಗಿಡ ಒಬ್ಬಳೇ ಇದ್ದಳು. ಮಡಿಯಲ್ಲಿದ್ದವೆಲ್ಲ ಅವಳ ಹಬ್ಬುಬಳ್ಳಿಯಿಂದ ಬೇರೂರಿದ ಮಕ್ಕಳು. ಕುಂಡ ಎತ್ತಿಕೊಂಡು ಹೊಲದಾಚೆಯ ತಿಪ್ಪೆಗೆ ನಡೆದಳು. ತಿಪ್ಪೆಯ ಸುತ್ತ ಒಮ್ಮೆ ಸುತ್ತಿದಳು, ಎರಡು ಸಲ ಸುತ್ತಿದಳು. ಕೊನೆಗೆ ಕೊಳೆತ ಎಲೆಗಳನ್ನು ಸರಿಸಿ, ಜಾಗ ಸಮ ಮಾಡಿ, ಕುಂಡವನ್ನು ಅಲ್ಲಿಟ್ಟಳು. ಹಿಂದೆ ತಿರುಗಿದರೆ ಅತ್ತಿಗೆ, ತಲೆಯ ಮೇಲೆ ಕಿತ್ತ ಗಿಡಗಳ ಹೊರೆ.

"ಹೀಗೆ ಎಸೀತಾರಾ ಯಾರಾದ್ರೂ? ಮಗುನ ತೊಟ್ಟಿಲಲ್ಲಿ ಮಲಗಿಸಿದ ಹಾಗಿದೆ."

"ನನ್ನ ಜೊತೆ ಮಾತಾಡಬೇಡಿ."

"ಆಯ್ತು, ಮಾತಾಡಲ್ಲ." ಹೊರೆ ಇಳಿಸಿ ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ಒಂದೇ ಒಂದು ಹೇಳ್ತೀನಿ. ನಿನ್ನ ಕೈ ಸುಳ್ಳು ಹೇಳಿದ್ದನ್ನ ಜೀವಮಾನದಲ್ಲಿ ಇವತ್ತೇ ನೋಡಿದ್ದು."

"ನೀವು ಗೆದ್ರಿ. ಖುಷಿನಾ?"

"ಏನು ಗೆದ್ವಿ? ನಾಳೆ ಮತ್ತೆ ಹಳೇ ಸಾಲಲ್ಲೇ ಬಗ್ಗಬೇಕು. ಇದ್ದದ್ದು ಇದ್ದ ಹಾಗೆ ಉಳೀತು. ನಮ್ಮಂಥವರಿಗೆ ಅದನ್ನೇ ಗೆಲುವು ಅಂತಾರೆ."

ಇರುವೆಯ ಸಿಟ್ಟು ಹೋಗಿರಲಿಲ್ಲ, ಯಾರ ಮೇಲೆ ಎಂಬುದಷ್ಟೇ ಬದಲಾಗುತ್ತ ಇತ್ತು, ಹಿಡಿದಲ್ಲಿ ನಿಲ್ಲದೆ. ಸರಸರನೆ ನಡೆದುಬಿಟ್ಟಳು.

ಆ ಸಂಜೆ ಅಣ್ಣನ ಮನೆಗೆ ಹೋಗಬಾರದು ಎಂದುಕೊಂಡೇ ತನ್ನ ಕೋಣೆಯಿಂದ ಹೊರಟಳು. ಬೀದಿಯ ಆ ತುದಿಯವರೆಗೆ ಹೋದಳು, ಈ ತುದಿಗೆ ಬಂದಳು. ಕಾಲು ತಂದು ನಿಲ್ಲಿಸಿದ್ದು ಅದೇ ಬಾಗಿಲಿಗೆ. ಅಡುಗೆಮನೆಯ ಕಿಟಕಿಯಲ್ಲಿ ತಾಯಿಗಿಡ ಕೂತಿತ್ತು.

"ಅತ್ತಿಗೆ! ಇದು ಕಂಪನಿ ಗಿಡ. ಕಳ್ಳತನ ಅಂತಾರೆ!"

"ತಿಪ್ಪೆಗೆ ಎಸೆದದ್ದು ತಿಪ್ಪೆಯದು. ತಿಪ್ಪೆ ಬಂದು ಕೇಳಲಿ, ಕೊಡ್ತೀನಿ," ಎಂದಳು ನೆಲದ ಮೇಲೆ ಮಲಗಿದ್ದ ಅತ್ತಿಗೆ.

ಅಣ್ಣ ಒಲೆಯ ಮುಂದಿನಿಂದ ಹೇಳಿದ, "ಸಂಜೆಯಿಂದ ಅದಕ್ಕೇ ಉಪಚಾರ. ನನಗೆ ಇನ್ನೂ ಒಂದು ಲೋಟ ನೀರು ಸಿಕ್ಕಿಲ್ಲ."

ಇರುವೆ ಕಿಟಕಿಯ ಹತ್ತಿರ ಹೋದಳು. ಕುಂಡದ ಅಂಚಿನಿಂದ ಒಂದು ಹಬ್ಬುಬಳ್ಳಿ ಇಳಿಬಿದ್ದು, ತುದಿಯ ಪುಟ್ಟ ಸಸಿ ಗಾಳಿಗೆ ಅತ್ತಿಂದಿತ್ತ ತೂಗುತ್ತಿತ್ತು, ಮಣ್ಣು ಎಲ್ಲಿ, ಮಣ್ಣು ಎಲ್ಲಿ ಎಂದು. "ಇದಕ್ಕೆ ಇನ್ನೊಂದು ಡಬ್ಬಿಯಲ್ಲಿ ಮಣ್ಣು ಬೇಕು. ಬಳ್ಳಿ ಅಲುಗಾಡದ ಹಾಗೆ ಒತ್ತಿ ಹಿಡಿಯೋಕೆ ಒಂದು ತಂತಿಯೋ ಏನೋ." ಅತ್ತಿಗೆ ಮಲಗಿದಲ್ಲಿಂದಲೇ ತಲೆಯ ಹೇರ್‌ಪಿನ್ನು ಕಿತ್ತು ಚಾಚಿದಳು.

"ಆದ್ರೆ ಕೇಳು. ಇದು ಈಗಲೇ ಯಾರ ಕಣ್ಣಿಗೂ ಬೀಳಬಾರದು. ಮೊದಲು ದರ, ಆಮೇಲೆ ಗಿಡ. ಕೀಳೋವರ ಕೂಲಿ ಕ್ರೇಟಿನ ಲೆಕ್ಕದ್ದಲ್ಲ, ದಿನದ ಲೆಕ್ಕದ್ದು ಅಂತಾಗಲಿ. ಆವತ್ತು ಇವಳನ್ನ ನಾನೇ ತಲೆ ಮೇಲೆ ಹೊತ್ಕೊಂಡು ಹೋಗಿ ಆಫೀಸಿನ ಮೇಜಿನ ಮೇಲೆ ಇಡ್ತೀನಿ. ಅಲ್ಲೀವರೆಗೆ ಇವಳೂ ಮುಷ್ಕರದಲ್ಲಿದ್ದಾಳೆ ಅಂದ್ಕೋ."

"ಅದು ಆಗುತ್ತಾ ಅತ್ತಿಗೆ?"

"ನಾನೇನು ಶಾಸ್ತ್ರ ಹೇಳೋಳಾ? ಇವತ್ತು ನಮ್ಮ ಹೊಲದವರು ಒಂದು ಮಾತಿಗೆ ನಿಂತ್ವಿ. ಹೊಳೆಯಾಚೆ ಹೊಲದವರು ನಿಲ್ತಾರೋ ಇಲ್ವೋ, ಯಾರು ಕೇಳಿದ್ದಾರೆ?"

ಕೇಳುವುದು. ಬೆನ್ನಿಗಾಗಿ ಗಿಡ ಕಟ್ಟಿದ ಅಷ್ಟೂ ವರ್ಷ ಬೆನ್ನಿನವರನ್ನು ಒಂದು ಮಾತು ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಬಳ್ಳಿಯನ್ನು ಡಬ್ಬಿಯ ಮಣ್ಣಿಗೆ ತಾಗಿಸಿ ಪಿನ್ನು ಚುಚ್ಚಿದಳು. ಸಸಿ ಅಲ್ಲಾಡುವುದು ನಿಂತಿತು. ಅವಳ ಕಾಲು ನಿಲ್ಲಲಿಲ್ಲ; ಆಗಲೇ ಬಾಗಿಲ ಹತ್ತಿರವಿತ್ತು.

"ಎಲ್ಲಿಗೆ ಈಗ? ತಟ್ಟೆ ಹಾಕಿದೆ," ಎಂದ ಅಣ್ಣ.

"ಟೋಪಿ ಅಜ್ಜಿಯ ತಂಗಿ ಹೊಳೆಯಾಚೆ ಹೊಲದಲ್ಲಿ ಕೀಳ್ತಾಳೆ ಅಲ್ವಾ? ಅಜ್ಜಿಯನ್ನ ಕೇಳಿ ಬರ್ತೀನಿ."

"ಉಂಡು ಹೋಗೇ!"

ಅತ್ತಿಗೆ ಮೇಜಿನ ಕಾಲು ಹಿಡಿದಳು, ಮಂಡಿಯ ಮೇಲೆ ಬಂದಳು, ಉಸಿರು ಕಟ್ಟಿದಳು. "ತಾಳು ಇರುವೆ, ನಾನೂ ಬರ್ತೀನಿ. ಒಂಟಿ ಇರುವೆಗೆ ಯಾರು ಹೆದರ್ತಾರೆ? ಬೆರಳಲ್ಲಿ ಒರೆಸಿ ಹಾಕ್ತಾರೆ." ಎದ್ದು ನಿಂತು ಸೊಂಟದ ಪಟ್ಟಿಯನ್ನು ಮತ್ತೆ ಬಿಗಿದುಕೊಂಡಳು. "ಆದ್ರೆ ನಿನ್ನ ವೇಗಕ್ಕೆ ನಾನು ನಡೆಯೋಳಲ್ಲ. ನೀನೇ ನಿಧಾನ ಮಾಡು. ಬೆಳಗ್ಗೆ ಕಲಿತೆಯಲ್ಲ."

ಇರುವೆ ಹೊಸ್ತಿಲಲ್ಲಿ ಕಾದಳು. ಕಾಯುವಾಗ ಬಾಗಿಲ ಚಿಲಕವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಲೇ ಇದ್ದಳು.